ವಾಂತಿಭೇದಿ ಎಂದು ಬರೆದು ಕಡತ ಮುಚ್ಚಬೇಡಿ

ಕಲುಷಿತ ನೀರು ಕುಡಿದು ಹಲವರು ಅಸ್ವಸ್ಥ, ಇಬ್ಬರ ಸಾವು, ಶಾಸಕರ ಭೇಟಿ, ಪರಿಹಾರ ಘೋಷಣೆ, ಪಿಡಿಒ ಅಮಾನತು. ಮೊದಲ ಮಳೆ ಬಿದ್ದ ವಾರಗಳಲ್ಲಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಊರಿನ ಹೆಸರು ಬದಲಾಗಿ ಇದೇ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಆ ಜನರ ಕರುಳಿಗೆ ಹೊಕ್ಕಿದ್ದು ಯಾವ ರೋಗಾಣು ಎಂಬುದೊಂದು ಮಾತ್ರ ಸುದ್ದಿಯಲ್ಲಿ ಇರುವುದಿಲ್ಲ. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದವರು ಸತ್ತರು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅದೇ ಕತೆಯಾಯಿತು. ಅಲ್ಲಿ ಯಾರೋ ನೀರಿಗೆ ವಿಷ ಬೆರೆಸಿದ್ದಾರೆಂಬ ಶಂಕೆಯೂ ಹಬ್ಬಿತು. ಕಾರಣ ಗೊತ್ತಿಲ್ಲದ ಕಡೆ ಜನ ಕಾರಣವನ್ನು ಹುಡುಕಿಯೇ ಹುಡುಕುತ್ತಾರೆ, ಪಕ್ಕದ ಮನೆಯವರನ್ನು ಅನುಮಾನದಿಂದ ನೋಡತೊಡಗುತ್ತಾರೆ. ಭೇದಿ ಒಮ್ಮೆಗೇ ಹಲವರನ್ನು ಹಿಡಿದ ಊರಿನಲ್ಲಿ ಮೊದಲ ರೋಗಿಗಳ ಮಲವನ್ನು ಲ್ಯಾಬಿನಲ್ಲಿ ಪರೀಕ್ಷಿಸುವುದು, ಅದರ ವರದಿಯನ್ನು ಊರಿನ ಮುಂದಿಡುವುದು ಸರ್ಕಾರದ ಕಡ್ಡಾಯ ಕರ್ತವ್ಯವಾಗಬೇಕು ಎಂಬುದು ನನ್ನ ವಾದ.

ಇದೇನೂ ದೊಡ್ಡ ಯಂತ್ರಗಳನ್ನು ಬೇಡುವ ಕೆಲಸವಲ್ಲ. ರೋಗಿ ಆಸ್ಪತ್ರೆಗೆ ಬಂದೊಡನೆ, ಆ್ಯಂಟಿಬಯಾಟಿಕ್ ಕೊಡುವ ಮೊದಲು, ಹತ್ತಿಯ ಕಡ್ಡಿಯಲ್ಲಿ ಮಲದ ಸ್ಯಾಂಪಲ್ ತೆಗೆದು ಕ್ಯಾರಿ–ಬ್ಲೇರ್ ಎಂಬ ಮಾಧ್ಯಮ ತುಂಬಿದ ಪುಟ್ಟ ಟ್ಯೂಬಿಗೆ ಇಳಿಸಬೇಕು. ಫ್ರಿಜ್ ಇಲ್ಲದಿದ್ದರೂ ಕಾಲರಾ ರೋಗಾಣು ಅದರಲ್ಲಿ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಕಳಿಸಲು ಧಾರಾಳ ಸಮಯವಿದೆ. ಅಲ್ಲಿ ಟಿಸಿಬಿಎಸ್ ಎಂಬ ಹಸಿರು ಬಣ್ಣದ ತಟ್ಟೆಯ ಮೇಲೆ ಅದನ್ನು ಎಳೆದು ಒಂದು ರಾತ್ರಿ ಬೆಚ್ಚಗಿಟ್ಟರೆ, ಕಾಲರಾ ಇದ್ದಲ್ಲಿ ಬೆಳಿಗ್ಗೆ ಹಳದಿ ಚುಕ್ಕೆಗಳು ಎದ್ದಿರುತ್ತವೆ. ಆ ಚುಕ್ಕೆಯೊಂದನ್ನು ಗಾಜಿನ ಪಟ್ಟಿಯ ಮೇಲೆ ಆ್ಯಂಟಿಸೀರಂ ಹನಿಯೊಂದಿಗೆ ಕಲಸಿದಾಗ ಅದು ರವೆರವೆಯಾಗಿ ಒಡೆದರೆ ಯಾವ ತಳಿ ಎಂಬುದೂ ತಿಳಿಯುತ್ತದೆ. ಸೂಕ್ಷ್ಮಾಣುಜೀವಿ ವಿಭಾಗವಿರುವ ಯಾವ ವೈದ್ಯಕೀಯ ಕಾಲೇಜಿಗೂ ಇದು ದಿನನಿತ್ಯದ ಕೆಲಸ. ತಡ ಮಾಡುವುದೇ ಇಲ್ಲಿನ ಅಪಾಯ. ಮಾತ್ರೆ ನುಂಗಿದ ಮೇಲೆ ಮಲದಲ್ಲಿ ರೋಗಾಣು ಸಿಗುವುದು ಕಷ್ಟ. ನೀರಿನ ಸ್ಯಾಂಪಲ್ ನೆಚ್ಚಿಕೊಳ್ಳೋಣವೆಂದರೆ, ಅಧಿಕಾರಿಗಳು ಬಾಟಲಿ ಹಿಡಿದು ಬರುವಷ್ಟರಲ್ಲಿ ಓವರ್‌ಹೆಡ್ ಟ್ಯಾಂಕು ತೊಳೆದು ಬ್ಲೀಚಿಂಗ್ ಪೌಡರ್ ಹಾಕಿ ಆಗಿರುತ್ತದೆ. ಟ್ಯಾಂಕು ತೊಳೆಯಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ತೊಳೆದ ಮೇಲಿನ ನೀರು ‘ಕುಡಿಯಲು ಯೋಗ್ಯ’ ಎಂದು ಬಂದ ವರದಿ ಹಿಂದಿನ ವಾರದ ನೀರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ನೀರಿನ ಸಾಕ್ಷ್ಯ ಉಳಿದಿರುವುದು ರೋಗಿಗಳ ಮಲದಲ್ಲಿ ಮಾತ್ರ.

ವೈದ್ಯರಲ್ಲೇ ಅನೇಕರು ಎತ್ತುವ ಆಕ್ಷೇಪ ಹಗುರವಾದದ್ದಲ್ಲ: ರೋಗಾಣು ಯಾವುದಾದರೇನು, ಚಿಕಿತ್ಸೆ ಒಂದೇ ಅಲ್ಲವೇ? ಮೈಯಿಂದ ಹೋದ ನೀರು, ಉಪ್ಪು ತುಂಬಿಕೊಟ್ಟರೆ ರೋಗಿ ಬದುಕುತ್ತಾನೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಉಪ್ಪು–ಗ್ಲೂಕೋಸ್ ನೀರು ಕುಡಿಸಿಯೇ ಕಾಲರಾ ಸಾವುಗಳನ್ನು ತಡೆದು ತೋರಿಸಿದರು, ಯಾವ ವರದಿಗೂ ಕಾಯಲಿಲ್ಲ. ಇದು ಪೂರ್ತಿ ನಿಜ, ಓಆರ್‌ಎಸ್ ಕೊಡಲು ಯಾರೂ ಲ್ಯಾಬಿನ ಕಡೆ ನೋಡಬಾರದು. ಆದರೆ ಮಲ ಪರೀಕ್ಷೆಯನ್ನು ನಾನು ಕೇಳುತ್ತಿರುವುದು ಮಂಚದ ಮೇಲಿರುವ ರೋಗಿಗಾಗಿ ಅಲ್ಲ, ನಾಳೆ ಅದೇ ನಲ್ಲಿಗೆ ಕೊಡ ಹಿಡಿಯುವವರಿಗಾಗಿ. ರೋಟಾವೈರಸ್ ಉದಾಹರಣೆ ನಮ್ಮಲ್ಲೇ ಇದೆ. ಭೇದಿಯಿಂದ ಆಸ್ಪತ್ರೆ ಸೇರಿದ ಪುಟ್ಟ ಮಕ್ಕಳ ಮಲವನ್ನು 2005ರಿಂದ ದೇಶದ ಹಲವು ಕಡೆ ವರ್ಷಗಟ್ಟಲೆ ಪರೀಕ್ಷಿಸಿದಾಗ ಹೆಚ್ಚುಕಡಿಮೆ ಶೇ 40ರಷ್ಟು ಮಕ್ಕಳಲ್ಲಿ ಈ ವೈರಸ್ ಕಂಡಿತು. ಪ್ರತಿ ಮಗುವಿಗೂ ಚಿಕಿತ್ಸೆ ಅದೇ ಓಆರ್‌ಎಸ್ ಆಗಿತ್ತು. ಆದರೂ ಆ ಲೆಕ್ಕ ಕೈಯಲ್ಲಿದ್ದುದರಿಂದಲೇ 2016ರಲ್ಲಿ ಸರ್ಕಾರದ ಲಸಿಕೆ ಪಟ್ಟಿಗೆ ರೋಟಾವೈರಸ್ ಹನಿ ಸೇರುವ ವಾದ ಗಟ್ಟಿಯಾಯಿತು.

‘ಮೂಲ ಹುಡುಕುವುದಕ್ಕಿಂತ ಚಿಕಿತ್ಸೆ ಮುಖ್ಯ’ ಎಂಬ ಮಾತು ಯಾರ ನೆರವಿಗೆ ಬರುತ್ತದೆ ಎಂಬುದಕ್ಕೆ ಹೈಟಿಗಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. 2010ರ ಜನವರಿಯ ಭೂಕಂಪದಿಂದ ನುಚ್ಚುನೂರಾಗಿದ್ದ ಆ ಬಡ ದೇಶದಲ್ಲಿ ಅಕ್ಟೋಬರ್‌ನಲ್ಲಿ ಕಾಲರಾ ಕಾಣಿಸಿಕೊಂಡಿತು. ಅದಕ್ಕೆ ಹಿಂದಿನ ನೂರು ವರ್ಷಗಳಲ್ಲಿ ಅಲ್ಲಿ ಕಾಲರಾ ದಾಖಲಾಗಿರಲಿಲ್ಲ. ಆರ್ಟಿಬೊನೀಟ್ ನದಿಗೆ ಸೇರುವ ತೊರೆಯ ದಂಡೆಯಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನೇಪಾಳಿ ಸೈನಿಕರ ಶಿಬಿರವಿತ್ತು. ಅಲ್ಲಿನ ಕೊಳಚೆ ತೊರೆಗೆ ಸೇರುತ್ತಿದೆ ಎಂದು ಸ್ಥಳೀಯರು ಮೊದಲ ದಿನದಿಂದ ಕೂಗಿ ಹೇಳಿದರು. ವಿಶ್ವಸಂಸ್ಥೆ ಹೊಣೆ ಒಪ್ಪಲಿಲ್ಲ. ಕೊನೆಗೆ ಮಾತಾಡಿದ್ದು ರೋಗಿಗಳ ಮಲದಿಂದ ಬೆಳೆಸಿದ ರೋಗಾಣು. ಅದರ ಜೀನೋಮನ್ನು ನೇಪಾಳದ ಮಾದರಿಗಳ ಪಕ್ಕ ಇಟ್ಟಾಗ ಎರಡೂ ಬಹುತೇಕ ಒಂದೇ ಆಗಿದ್ದವು. ಸುಮಾರು 10 ಸಾವಿರ ಜನ ಸತ್ತ ಮೇಲೆ, 2016ರ ಡಿಸೆಂಬರ್‌ನಲ್ಲಿ, ವಿಶ್ವಸಂಸ್ಥೆಯ ಅಂದಿನ ಮಹಾ ಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು. ಯಾವ ಆಯೋಗಕ್ಕೂ ಬಗ್ಗದ ಸಂಸ್ಥೆಯನ್ನು ಬಗ್ಗಿಸಿದ ಸಾಕ್ಷ್ಯ ಲ್ಯಾಬಿನ ತಟ್ಟೆಯಿಂದ ಬಂತು.

ಕಾಲರಾ ಎಂದು ಬಾಯಿಬಿಟ್ಟರೆ ಜನ ಗಾಬರಿಯಾಗುತ್ತಾರೆ, ಹೋಟೆಲು ತರಕಾರಿ ವ್ಯಾಪಾರ ನೆಲಕಚ್ಚುತ್ತದೆ ಎನ್ನುವವರಿದ್ದಾರೆ. ಅವರು 2011ರ ಜರ್ಮನಿಯನ್ನು ನೋಡಬೇಕು. ಇ. ಕೋಲೈ ತಳಿಯೊಂದು ಅಲ್ಲಿ 50ಕ್ಕೂ ಹೆಚ್ಚು ಜನರನ್ನು ಕೊಂದಾಗ ಹ್ಯಾಂಬರ್ಗ್ ಅಧಿಕಾರಿಗಳು ಸ್ಪೇನಿನ ಸೌತೆಕಾಯಿಯ ಕಡೆ ಬೆರಳು ತೋರಿದರು. ಸ್ಪೇನಿನ ರೈತರ ಬೆಳೆ ಕೊಳ್ಳುವವರಿಲ್ಲದೆ ಕೊಳೆಯಿತು. ಸೌತೆಕಾಯಿಯಲ್ಲಿ ಸಿಕ್ಕ ತಳಿ ಬೇರೆ, ರೋಗಿಗಳ ಮಲದಲ್ಲಿ ಇದ್ದದ್ದು ಓ104 ಎಂಬ ಬೇರೆ ತಳಿ ಎಂದು ಹೋಲಿಸಿ ನೋಡಿದ ಮೇಲಷ್ಟೇ ಆ ಕಳಂಕ ತೊಳೆದುಹೋಯಿತು. ತನಿಖೆ ಈಜಿಪ್ಟಿನ ಮೆಂತ್ಯದ ಮೊಳಕೆಯ ಕಡೆ ಹೊರಳಿತು. ವ್ಯಾಪಾರವನ್ನು ಹಾಳು ಮಾಡಿದ್ದು ಅವಸರದ ಊಹೆ.

ಹಾಗೆಂದು ಎರಡು ದಿನ ಹೊಟ್ಟೆ ಕೆಟ್ಟವರೆಲ್ಲ ಲ್ಯಾಬಿಗೆ ಓಡಬೇಕಿಲ್ಲ. ಒಂದೇ ಸ್ಯಾಂಪಲಿನಲ್ಲಿ ಇಪ್ಪತ್ತು ರೋಗಾಣು ಹುಡುಕುವ ದುಬಾರಿ ಪಿಸಿಆರ್ ಪ್ಯಾನೆಲ್‌ಗಳನ್ನು ಖಾಸಗಿ ಆಸ್ಪತ್ರೆಗಳು ಎಲ್ಲರಿಗೂ ಬರೆಯುವುದನ್ನು ನಾನು ವಿರೋಧಿಸುತ್ತೇನೆ. ಬಡ ದೇಶಗಳ ಆರೋಗ್ಯವಂತ ಮಕ್ಕಳ ಮಲದಲ್ಲೂ ರೋಗಾಣು ಸಿಗುತ್ತದೆ. ಸಿಕ್ಕಿದ್ದಕ್ಕೆಲ್ಲ ಮದ್ದು ಕೊಟ್ಟರೆ ಹಾನಿಯೇ ಹೆಚ್ಚು. ಈಗಾಗಲೇ ಭೇದಿ ಎಂದೊಡನೆ ನಾರ್‌ಫ್ಲಾಕ್ಸಸಿನ್–ಟಿನಿಡಜೋಲ್ ಮಾತ್ರೆಯನ್ನು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನುಂಗುವ ಅಭ್ಯಾಸ ನಮ್ಮದು. ವೈರಸ್ಸಿಗೆ ಅದು ನಾಟುವುದೇ ಇಲ್ಲ, ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತೆ ಪಳಗುತ್ತಿವೆ. ಯಾವ ಮದ್ದು ಯಾವುದಕ್ಕೆ ಇನ್ನೂ ಹತ್ತುತ್ತದೆ ಎಂಬುದನ್ನು ತಿಳಿಸುವುದೂ ಲ್ಯಾಬಿನ ತಟ್ಟೆಯ ಮೇಲೆ ರೋಗಾಣುವನ್ನು ಬೆಳೆಸಿ ಕೊಡುವ ಕಲ್ಚರ್ ವರದಿಯೇ.

ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕ್ಯಾರಿ–ಬ್ಲೇರ್ ಟ್ಯೂಬುಗಳಿರಲಿ. ಊರಿನಲ್ಲಿ ಭೇದಿ ಹಬ್ಬಿದ ದಿನವೇ ಮೊದಲ ಕೆಲವು ರೋಗಿಗಳ ಸ್ಯಾಂಪಲ್ ಹೊರಡಲಿ. ನೀರು ಪೂರೈಸುವವರ ಕೈಗೆ ಸಿಗದ ಲ್ಯಾಬು ಅದನ್ನು ನೋಡಲಿ, ವರದಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಅಂಟಲಿ. ಓದುಗರಲ್ಲಿ ಒಂದು ವಿನಂತಿ: ನಿಮ್ಮ ಊರಿನಲ್ಲಿ ಇಂಥದ್ದು ನಡೆದರೆ ಭೇಟಿಗೆ ಬಂದ ಅಧಿಕಾರಿಯನ್ನು ಪರಿಹಾರದ ಮೊತ್ತ ಕೇಳುವ ಮೊದಲು, ರೋಗಿಗಳ ಮಲದ ಸ್ಯಾಂಪಲ್ ಯಾವತ್ತು ತೆಗೆದಿರಿ, ಯಾವ ಲ್ಯಾಬಿಗೆ ಕಳಿಸಿದಿರಿ, ವರದಿ ಎಲ್ಲಿದೆ ಎಂದು ಕೇಳಿ. ಉತ್ತರವನ್ನು ಬರಹದಲ್ಲೇ ಪಡೆಯಿರಿ.