ಬೋನಸ್ಸಿನಲ್ಲಿ ಮುರ್ಕೊಂಡಿದ್ದು ಯಾವ ಟ್ಯಾಕ್ಸು?

ಹಾಸ್ಟೆಲಿನ ಗೆಳೆಯರೇ,

ಮಗನಿಗೆ ಕಾಲೇಜಿನಲ್ಲಿ ಹೇಳ್ತಾರೆ: "ನಾವು ಟ್ಯಾಕ್ಸ್ ಕಟ್ತೀವಿ, ನೀವು ಬಿಟ್ಟಿ ಅನ್ನ ತಿಂದು ಓದ್ತೀರಿ." ಅವ್ವನಿಗೆ ಗಾರ್ಮೆಂಟ್ಸಿನಲ್ಲಿ ಹೇಳ್ತಾರೆ: "ಬೋನಸ್ಸಿನಲ್ಲಿ ಟ್ಯಾಕ್ಸ್ ಹೋಯ್ತು ಕಣಮ್ಮ, ಇಷ್ಟೇ ಉಳಿದದ್ದು." ಮಗ ಟ್ಯಾಕ್ಸ್ ಕಟ್ಟದವನು, ಅವ್ವ ಟ್ಯಾಕ್ಸಿಗೆ ದುಡ್ಡು ಕಳಕೊಂಡವಳು! ಎರಡೂ ಸುಳ್ಳು. ಬನ್ನಿ, ಲೆಕ್ಕ ಹಾಕೋಣ.

ಕುಂದಾಣ ಹೋಬಳಿಯ ಬೀರಸಂದ್ರದಲ್ಲಿ ಜಿಲ್ಲಾಡಳಿತ ಭವನ ಎದ್ದು ನಿಂತಿದೆ. ಇದೇ ಹೋಬಳಿಯಿಂದ ನಮ್ಮ ಅಕ್ಕಂದಿರು ದೊಡ್ಡಬಳ್ಳಾಪುರದ ಕಾರ್ಖಾನೆಗಳಿಗೆ, ಅಣ್ಣಂದಿರು ದೇವನಹಳ್ಳಿ ವಿಮಾನ ನಿಲ್ದಾಣದ ಗುತ್ತಿಗೆ ಕೆಲಸಕ್ಕೆ ಹೋಗುತ್ತಾರೆ. ಇವರಿಗೆ ಬರುವ ಬೋನಸ್ ಧಣಿ ಕೊಟ್ಟ ಇನಾಮಲ್ಲ, ದುಡಿದ ಕೂಲಿಯ ಬಾಕಿ. 1965ರ ಬೋನಸ್ ಕಾಯ್ದೆ ಅದನ್ನು ಹಕ್ಕು ಮಾಡಿತು. ತುರ್ತುಪರಿಸ್ಥಿತಿಯಲ್ಲಿ, 1975ರಲ್ಲಿ, ಕನಿಷ್ಠ ಬೋನಸ್ಸನ್ನು ಶೇ 8.33ರಿಂದ 4ಕ್ಕೆ ಇಳಿಸಿದರು. 1977ರಲ್ಲಿ ಅದು ಮತ್ತೆ 8.33ಕ್ಕೆ ಬಂತು. ಈಗ ಆ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಕನಿಷ್ಠ ಶೇ 8.33, ಗರಿಷ್ಠ ಶೇ 20 ಹಾಗೇ ಇದೆ. ವರ್ಷದಲ್ಲಿ 30 ದಿನ ದುಡಿದಿದ್ದರೆ ಸಾಕು, ಕೇಳಬಹುದು. ಆದರೆ 20 ಜನ ಕೆಲಸಗಾರರಿಲ್ಲದ ಕಡೆ ಈ ಹಕ್ಕಿಲ್ಲ. ದ್ರಾಕ್ಷಿ ತೋಟದಲ್ಲಿ ನಾಲ್ಕಾಳಿನ ಜೊತೆ ಬೆನ್ನು ಬಗ್ಗಿಸುವವಳಿಗೆ ಬೋನಸ್ಸೂ ಇಲ್ಲ, ಅದನ್ನು ಮುರಿಯೋ ಮಾತೂ ಇಲ್ಲ.

ಈಗ ಟ್ಯಾಕ್ಸಿಗೆ ಬನ್ನಿ. ಬೋನಸ್ಸಿಗೆಂದೇ ಬೇರೆ ಆದಾಯ ತೆರಿಗೆ ಈ ದೇಶದಲ್ಲಿ ಇಲ್ಲ. ಬೋನಸ್ಸನ್ನು ವರ್ಷದ ಸಂಬಳಕ್ಕೆ ಕೂಡಿಸಿ, ಒಟ್ಟು ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ. ಬೋನಸ್ಸಿನ ಲೆಕ್ಕಕ್ಕೆ ಹಿಡಿಯುವ ಸಂಬಳ ತಿಂಗಳಿಗೆ 12,000 ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,44,000. ಶೇ 8.33ರಂತೆ ಬೋನಸ್ 11,995. ಒಟ್ಟು 1,55,995. 2025-26ನೇ ಸಾಲಿನ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 12,75,000 ರೂಪಾಯಿವರೆಗೆ ಆದಾಯ ತೆರಿಗೆ ಬೀಳುವುದಿಲ್ಲ. ಎಲ್ಲಿಯ ಒಂದೂವರೆ ಲಕ್ಷ, ಎಲ್ಲಿಯ ಹನ್ನೆರಡೂ ಮುಕ್ಕಾಲು ಲಕ್ಷ! ಅವ್ವನ ಬೋನಸ್ಸಿನ ಆದಾಯ ತೆರಿಗೆ ಸೊನ್ನೆ.

ಹಾಗಾದರೆ ಮುರ್ಕೊಂಡ ದುಡ್ಡು ಯಾರ ಜೇಬಿಗೆ ಹೋಯ್ತು? ಹಬ್ಬಕ್ಕೆ ಮುಂಚೆಯೇ ಕೊಟ್ಟ ಬೋನಸ್ ಮುಂಗಡವಿದ್ದರೆ ಮುರಿಯಬಹುದು. ಮುರಿದದ್ದು ಅದೇ ಆಗಿದ್ದರೆ ಅದನ್ನೇ ಹೇಳಲಿ. ನಿಜವಾಗಿ ಟ್ಯಾಕ್ಸ್ ಹಿಡಿದಿದ್ದರೆ ಅದು ಅವಳ ಪ್ಯಾನ್ ನಂಬರಿನಲ್ಲಿ ಜಮಾ ಆಗಿರಬೇಕು. ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಎರಡೂ ಅಲ್ಲವೆಂದರೆ ಅದಕ್ಕೆ ಟ್ಯಾಕ್ಸ್ ಅನ್ನೋ ಹೆಸರು ಯಾಕೆ? ನಮ್ಮೂರ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರಿದೆ.

ಇನ್ನು ಕಾಲೇಜಿನ ಆ ಮಾತು. ಉಳಿದ ಬೋನಸ್ಸಿನಲ್ಲಿ ಅವ್ವ ಸೋಪು ಕೊಳ್ಳುತ್ತಾಳೆ, ಚಪ್ಪಲಿ ಕೊಳ್ಳುತ್ತಾಳೆ, ನಿನ್ನ ಮೊಬೈಲಿಗೆ ರೀಚಾರ್ಜ್ ಮಾಡಿಸುತ್ತಾಳೆ. 299 ರೂಪಾಯಿ ರೀಚಾರ್ಜಿನಲ್ಲಿ ಶೇ 18ರ ಜಿಎಸ್‌ಟಿ 45 ರೂಪಾಯಿ 61 ಪೈಸೆ. ಕೋಟ್ಯಧೀಶನೂ ಅಷ್ಟೇ ಕಟ್ಟೋದು, ಕಸ ಗುಡಿಸುವವಳೂ ಅಷ್ಟೇ ಕಟ್ಟೋದು. ಟ್ಯಾಕ್ಸ್ ಕಟ್ಟೋರು ನಾವಲ್ಲವಂತೆ!

ಒಂದು ಕಾಲದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿಯ ನೇಯ್ಗೆ ವಿಭಾಗಕ್ಕೆ ನಮ್ಮವರನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ನೂಲಿಗೆ ಬಾಯಿ ತಾಗಿಸಬೇಕು, ಮೈಲಿಗೆ ಆಗುತ್ತದೆ ಎಂದು. 1938ರಲ್ಲಿ ಮನಮಾಡದ ರೈಲ್ವೆ ಕಾರ್ಮಿಕರ ಸಮಾವೇಶದಲ್ಲಿ ಬಾಬಾಸಾಹೇಬರು ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ನಮ್ಮ ಶತ್ರು ಎಂದದ್ದು ಸುಮ್ಮನೆ ಅಲ್ಲ. ಜಾತಿ ಕೂಲಿಯನ್ನು ಇಳಿಸುತ್ತದೆ, ಇಳಿದ ಕೂಲಿಯ ಮೇಲೆ ಬೋನಸ್ಸೂ ಇಳಿಯುತ್ತದೆ. ಅದರಲ್ಲೂ ಮುರಿಯುವ ಕೈ ಬೇರೆ.

2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡಿಗೆ ಕೈ ಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತಗೊಂಡಿತು. ಅವರಿಗೆ ಪದವಿ ಬೇಕಾಗಲಿಲ್ಲ, ತಮ್ಮ ದುಡ್ಡಿನ ಲೆಕ್ಕ ಗೊತ್ತಿತ್ತು.

ಪದವಿ ಓದುತ್ತಿರುವ ನಾವೇನು ಮಾಡೋಣ? ಈ ಹಬ್ಬಕ್ಕೆ ಊರಿಗೆ ಹೋದಾಗ ಕೇರಿಯಲ್ಲಿ ಕೂತು ಹತ್ತು ಮನೆಯ ಪೇ ಸ್ಲಿಪ್ ಓದಿ. ಸ್ಲಿಪ್ ಕೊಡೋದು ಮಾಲೀಕನ ದಯೆಯಲ್ಲ, ಕಾನೂನು. ಎಷ್ಟು ಮುರಿದರು, ಯಾವ ಬಾಬ್ತಿಗೆ ಮುರಿದರು ಅಂತ ಬರೆದುಕೊಳ್ಳಿ. ಬಾಬ್ತು ಇಲ್ಲದಿದ್ದರೆ ಹತ್ತು ಮನೆಯವರೂ ಸೇರಿ ಒಂದೇ ಅರ್ಜಿ ಬರೆದು ಕಾರ್ಮಿಕ ಇಲಾಖೆಗೆ ಕೊಡಿ. ಒಬ್ಬಳು ಕೇಳಿದರೆ ಕೆಲಸದಿಂದ ಬಿಡಿಸ್ತಾರೆ. ಕೇರಿಯೇ ಕೇಳಿದರೆ ಲೆಕ್ಕ ಕೊಡ್ತಾರೆ.

ಜೈ ಭೀಮ್.