ವೃಷಭಾವತಿಯ ನಷ್ಟ ಯಾರ ಖಾತೆಗೆ?

ಮೈಸೂರು ರಸ್ತೆ ಬಿಟ್ಟು ಆರ್ಚ್ ಕಡೆಯಿಂದ ಬೆಂಗಳೂರಿನ ರಾಜರಾಜೇಶ್ವರಿನಗರಕ್ಕೆ ಬರುವವರಿಗೆ ವೃಷಭಾವತಿ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತಾಳೆ. ಆ ಹೊಳೆಯ ನೀರಿನಲ್ಲಿ ಹೆಚ್ಚಿನದು ನಮ್ಮ ಮನೆಗಳಿಂದಲೇ ಹೋದದ್ದು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ವಿದ್ಯುತ್ ಸುರಿದು ಏರಿಸಿದ ಕಾವೇರಿಯನ್ನು ಒಮ್ಮೆ ಬಳಸಿ ಹೊಳೆಗೆ ಬಿಡುತ್ತೇವೆ. ಕೆಂಗೇರಿ, ಬೈರಮಂಗಲ ದಾಟಿ ಅದು ಅರ್ಕಾವತಿ ಸೇರುತ್ತದೆ; ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಕೂಡುತ್ತದೆ. ವೃತ್ತಾಕಾರದ ಆರ್ಥಿಕತೆಯ ಬಗ್ಗೆ ಈಗ ಎಲ್ಲೆಡೆ ಮಾತು. ಈ ವೃತ್ತವನ್ನು ಭೂಮಿಯ ಇಳಿಜಾರು ಎಂದೋ ಬರೆದಿಟ್ಟಿದೆ. ಕೊಳೆ ಬೆರೆಸಿದ್ದಷ್ಟೇ ನಾವು.

ನೀರಿನ ಬಿಲ್‌ನಲ್ಲಿ ಒಳಚರಂಡಿ ಶುಲ್ಕವೂ ಇದೆ, ನಿಜ. ಅದು ಕೊಳವೆಯ ಖರ್ಚು. ಕೊಳವೆಯಾಚೆಗಿನ ನಷ್ಟವನ್ನು ತುಂಬಿಕೊಡುತ್ತಿರುವುದು ಬಿಡದಿ ಬಳಿಯ ಬೈರಮಂಗಲ. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಅಲ್ಲಿನ ಜಲಾಶಯದಲ್ಲಿ ನೊರೆ ತೇಲುತ್ತದೆ. ಕೆಳಗಿನ ರೈತರು ಭತ್ತ ಬಿಟ್ಟು ಹಿಪ್ಪುನೇರಳೆ, ಬೇಬಿಕಾರ್ನ್, ಸೀಮೆಹುಲ್ಲಿಗೆ ಹೊರಳಿದರು. ವರ್ಷವಿಡೀ ಬತ್ತದ ಗೊಬ್ಬರದ ನೀರು ಎಂಬ ಲಾಭವೂ ಅವರಿಗಿದೆ. ಕುಡಿಯಲಾಗದ ಬಾವಿ, ತುರಿಸುವ ಕೈಕಾಲುಗಳೂ ಅವರ ಪಾಲಿಗೇ. ಈ ಲಾಭ–ನಷ್ಟವನ್ನು ನಗರದ ಯಾವ ಬಜೆಟ್ಟೂ ಬರೆದುಕೊಳ್ಳುವುದಿಲ್ಲ.

ಕೊಳಚೆಗೆ ಬೆಲೆಯಿದೆ ಎಂಬುದಕ್ಕೆ ಕೋಲಾರ ಸಾಕ್ಷಿ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ (ಕೆ.ಸಿ.) ವ್ಯಾಲಿಯ ಸಂಸ್ಕರಿತ ನೀರು ಅಲ್ಲಿನ ಒಣಗಿದ ಕೆರೆಗಳಿಗೆ ಹರಿಯಿತು, ಅಂತರ್ಜಲ ಮೇಲೆದ್ದಿತು. ಆದರೆ ಶುದ್ಧೀಕರಣವನ್ನು ಎರಡನೇ ಹಂತಕ್ಕೇ ನಿಲ್ಲಿಸಿದ್ದು ತಪ್ಪು. ಮೂರನೇ ಹಂತದ ಖರ್ಚು ಉಳಿಸಿದರೆ ಅದನ್ನು ತೆರುವುದು ಕೋಲಾರದ ಮಣ್ಣು.

ಪ್ರಕೃತಿಗೆ ಬೆಲೆ ಕಟ್ಟುವುದೇ ಸರಿಯಲ್ಲ ಎನ್ನುವವರಿದ್ದಾರೆ. ಅವರ ಅಂಜಿಕೆ ಸುಳ್ಳಲ್ಲ. ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಕೊಡುವಾಗ ವಸೂಲು ಮಾಡುವ ನಿವ್ವಳ ಪ್ರಸ್ತುತ ಮೌಲ್ಯ, 2022ರ ಪರಿಷ್ಕರಣೆಯ ನಂತರವೂ, ಹೆಕ್ಟೇರಿಗೆ ಸುಮಾರು 9.5 ಲಕ್ಷದಿಂದ 16 ಲಕ್ಷ ರೂಪಾಯಿ. ನಮ್ಮ ಬಡಾವಣೆಯಲ್ಲಿ ಒಂದು 30x40 ಸೈಟಿಗೆ ಅದರ ಹಲವು ಪಟ್ಟು ಕೊಡಬೇಕು. ಒಂದು ಹೆಕ್ಟೇರ್‌ನಲ್ಲಿ ಅಂಥ ಸುಮಾರು 90 ಸೈಟುಗಳಷ್ಟು ನೆಲವಿದೆ. ಇಷ್ಟು ಅಗ್ಗದ ಬೆಲೆ ಕಾಡನ್ನು ಕಾಯುವುದಿಲ್ಲ, ಕಡಿಯಲು ರಸೀದಿ ಬರೆದುಕೊಡುತ್ತದೆ. ರಾಜಕಾಲುವೆಗೆ, ಹಲಗೆವಡೇರಹಳ್ಳಿ ಕೆರೆಗೆ ಆ ರಸೀದಿಯೂ ಇಲ್ಲ.

ಹಾಗಾಗಿ ಬೆಲೆ ಕಟ್ಟಬೇಕಾದದ್ದು ಹೊಳೆಗಲ್ಲ, ಹೊಳೆಗೆ ಬಿಡುವ ಕೊಳೆಗೆ. 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಕಸದ ಸೇವಾ ಶುಲ್ಕ ಬಂದಿದೆ. ಅದು ಮನೆಯ ವಿಸ್ತೀರ್ಣ ನೋಡುತ್ತದೆ, ಕಸದ ತೂಕವನ್ನಲ್ಲ. ನೀರಿನಲ್ಲಿ ಅದೇ ತಪ್ಪು ಬೇಡ. ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ಇಟ್ಟುಕೊಂಡೂ ಓಡಿಸದ ಅಪಾರ್ಟ್‌ಮೆಂಟ್, ರಾತ್ರಿ ಕಾಲುವೆಗೆ ಬಣ್ಣದ ನೀರು ಬಿಡುವ ಕಾರ್ಖಾನೆ ಎಷ್ಟು ಕೆಡಿಸಿದವೋ ಅಷ್ಟು ತೆರಲಿ. ಶುದ್ಧ ಮಾಡಿ ಬಿಟ್ಟವರಿಗೆ ಬಿಲ್ ಇಳಿಯಲಿ. ಹಾಗೆ ಬಂದ ಹಣದಲ್ಲಿ ಒಂದು ಪಾಲು ಬೈರಮಂಗಲದ ಗ್ರಾಮ ಪಂಚಾಯಿತಿಗೆ, ಕುಡಿಯುವ ನೀರಿಗೆಂದೇ ಹೋಗಬೇಕು. ಮುಂದಿನ ನೀರಿನ ದರ ಪರಿಷ್ಕರಣೆಯಲ್ಲೇ ಇದನ್ನು ಸೇರಿಸಬಹುದು.