ತಾಬ್ಲ್ ದೋತ್ ಅಂದ್ರೆ ನಮ್ಮ ಖಾನಾವಳಿ ಕಣ್ರೀ!

ಮೊನ್ನೆ ಟೀಮ್ ಲಂಚ್ ಅಂತ ಬೆಂಗಳೂರಿನ ಒಂದು ದೊಡ್ಡ ಹೋಟೆಲ್ಲಿಗೆ ಹೋಗಿದ್ವಿ. ಮೆನು ಕಾರ್ಡಿನಲ್ಲಿ ಎರಡು ಭಾಗ. ಒಂದು 'ಆ ಲಾ ಕಾರ್ಟ್'. ಇನ್ನೊಂದನ್ನು ನಾನು ಧೈರ್ಯವಾಗಿ 'ಟೇಬಲ್ ಡಿ ಹೋಟ್' ಅಂತ ಓದಿದೆ. ಎಲ್ಲರೂ ನಕ್ಕರು. 'ತಾಬ್ಲ್ ದೋತ್' ಅನ್ನಬೇಕಂತೆ. ಓದಿದ್ದು ಎಂಜಿನಿಯರಿಂಗು, ಫ್ರೆಂಚ್ ಅಲ್ಲವಲ್ಲ ಸ್ವಾಮಿ!

ಅವಮಾನ ತಡೀಲಾರದೆ ಮನೆಗೆ ಬಂದು ಹುಡುಕಿದೆ. 'ತಾಬ್ಲ್' ಅಂದ್ರೆ ಮೇಜು, 'ಓತ್' ಅಂದ್ರೆ ಆತಿಥೇಯ. ಒಟ್ಟಿಗೆ, ಮನೆಯೊಡೆಯನ ಮೇಜು. ಹಿಂದೆ ಯುರೋಪಿನ ಛತ್ರಗಳಲ್ಲಿ ಹೊತ್ತಿಗೆ ಸರಿಯಾಗಿ ಎಲ್ಲರೂ ಒಂದೇ ಮೇಜಿಗೆ ಕೂರಬೇಕಿತ್ತು. ಅವತ್ತು ಮಾಡಿದ್ದೇ ಊಟ, ಎಲ್ಲರಿಗೂ ಒಂದೇ ರೇಟು. ಈ ಮಾತು 17ನೇ ಶತಮಾನದಲ್ಲೇ ಇಂಗ್ಲಿಷಿಗೆ ಬಂತು. 'ಆ ಲಾ ಕಾರ್ಟ್' ಬಂದದ್ದು 19ನೇ ಶತಮಾನದಲ್ಲಿ. ಅಂದ್ರೆ ಕಾರ್ಡ್ ನೋಡಿ ಬೇಕಾದ್ದನ್ನ ಆರಿಸಿಕೊಳ್ಳೋದು, ಆರಿಸಿದ್ದಕ್ಕಷ್ಟೇ ದುಡ್ಡು.

ಇನ್ನೂ ಮಜಾ ಕೇಳಿ. ಫ್ರೆಂಚಿನಲ್ಲಿ 'ಓತ್' ಅಂದ್ರೆ ಆತಿಥೇಯನೂ ಹೌದು, ಅತಿಥಿಯೂ ಹೌದು. ಉಣಬಡಿಸುವವನಿಗೂ ಉಣ್ಣುವವನಿಗೂ ಒಂದೇ ಪದ! ನಾವು ದಿನಾ ಅನ್ನೋ 'ಹೋಟೆಲ್' ಕೂಡ ಅದೇ ಬೇರಿನದು.

ಇದನ್ನೆಲ್ಲ ಓದ್ತಾ ಓದ್ತಾ ನನಗೆ ಪ್ಯಾರಿಸ್ ಅಲ್ಲ, ಜಮಖಂಡಿ ಕಣ್ಣ ಮುಂದೆ ಬಂತು.

ನಮ್ಮದು ಬೀಳಗಿ ಕಡೆಯ ಹಳ್ಳಿ. ಪಿಯುಸಿ ಓದಿದ್ದು ಜಮಖಂಡಿಯಲ್ಲಿ, ರೂಮು ಮಾಡಿಕೊಂಡು. ಊಟ ಖಾನಾವಳಿಯಲ್ಲಿ, ತಿಂಗಳ ಲೆಕ್ಕ. ಅಲ್ಲಿ ಕಾರ್ಡೂ ಇಲ್ಲ, ಆರಿಸೋದೂ ಇಲ್ಲ. ಕೂತರೆ ತಾಟು ಬರೋದು: ಜೋಳದ ರೊಟ್ಟಿ, ಎಣಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ, ಕೊನೆಗೆ ಅನ್ನ ಸಾರು. ಎದುರಿಗೆ ಮುಧೋಳದ ಕಬ್ಬಿನ ರೈತ, ಪಕ್ಕದಲ್ಲಿ ಸೀರೆ ಗಂಟು ಹೊತ್ತು ಬಂದ ಬನಹಟ್ಟಿಯ ನೇಕಾರ. ಎರಡು ರೊಟ್ಟಿ ತಿಂದವನಿಗೂ ಆರು ತಿಂದವನಿಗೂ ಒಂದೇ ರೇಟು. ಇದು ತಾಬ್ಲ್ ದೋತ್ ಅಲ್ಲದೆ ಮತ್ತೇನು? ಖಾನಾವಳಿ ಅನ್ನೋ ಪದಕ್ಕೆ ಮರಾಠಿಯ ನಂಟು. ಜಮಖಂಡಿ, ಮುಧೋಳ ಎರಡೂ 1948ರ ತನಕ ಮರಾಠಿ ಮನೆತನಗಳ ಸಂಸ್ಥಾನಗಳಾಗಿದ್ದವಲ್ಲ, ನಮ್ಮ ಕಡೆ ಇಂಥ ಪದಗಳಿಗೇನು ಬರ!

ಒಂದು ವರ್ಷ ಕಾರ್ಖಾನೆಯಿಂದ ನಮ್ಮಪ್ಪನ ಕಬ್ಬಿನ ಬಿಲ್ಲು ತಿಂಗಳುಗಟ್ಟಲೆ ಬರಲಿಲ್ಲ. ಖಾನಾವಳಿಗೆ ಎರಡು ತಿಂಗಳ ಬಾಕಿ. ನಾಚಿಕೆಯಾಗಿ ನಾನು ರಾತ್ರಿ ಊಟಕ್ಕೆ ಹೋಗೋದು ಬಿಟ್ಟೆ. ಮೂರನೇ ದಿನ ಮಧ್ಯಾಹ್ನ ಖಾನಾವಳಿ ಅಕ್ಕಾರು ರೊಟ್ಟಿ ಹಾಕ್ತಾ ಕೇಳಿದ್ರು, "ಯಾಕೋ ತಮ್ಮಾ, ರಾತ್ರಿ ಬರವಲ್ಲಿ?"

"ಹಸಿವಿಲ್ರೀ ಅಕ್ಕಾರ."

"ಹಸಿವಿಲ್ಲದಾವ ಈಗ ಐದು ರೊಟ್ಟಿ ತಿಂತಾನೇನು? ಸುಮ್ನ ಬಾ."

ರೊಕ್ಕದ ಮಾತೇ ಎತ್ತಲಿಲ್ಲ. ಬಿಲ್ಲು ಬಂದ ಮೇಲೆ ಅಪ್ಪ ತಾನೇ ಬಂದು ಬಾಕಿ ತೀರಿಸಿದ. ಅವರು ಎಣಿಸಿ ಇಟ್ಟುಕೊಂಡ್ರು, ಅಷ್ಟೇ. ಅದು ಧರ್ಮವಲ್ಲ, ವ್ಯಾಪಾರವೇ. ಆದರೆ ಬಾರದವನನ್ನ ಗಮನಿಸೋ ವ್ಯಾಪಾರ. ಕಾರ್ಡಿಗೆ ನಾನು ಏನು ತಿಂದೆ ಅನ್ನೋದು ಮಾತ್ರ ಗೊತ್ತು. ಏನು ತಿನ್ನಲಿಲ್ಲ ಅನ್ನೋದು ಗೊತ್ತಾಗೋದು ಮೇಜಿನ ಯಜಮಾನಿಗೆ.

ಹಾಗಂತ 'ಹಿಂದಿನದೆಲ್ಲ ಬಂಗಾರ' ಅಂತ ನಾನು ಹಾಡೋದಿಲ್ಲ. ನಮ್ಮ ಕಡೆ ಖಾನಾವಳಿ ಬೋರ್ಡುಗಳನ್ನ ನೋಡಿದ್ದೀರಲ್ಲ? 'ಲಿಂಗಾಯತ ಖಾನಾವಳಿ', 'ಮರಾಠಾ ಖಾನಾವಳಿ'... ಅಡುಗೆ ಯಾವ ಥರದ್ದು ಅಂತ ತಿಳಿಸೋಕೆ ಅಷ್ಟೇ ಅಂತ ಇವತ್ತು ಹೇಳ್ತೀವಿ. ಆದ್ರೆ ಮನೆಯೊಡೆಯನ ಮೇಜು ಅಂದಮೇಲೆ ಯಾರು ಕೂರಬಹುದು ಅಂತ ಒಡೆಯನೇ ತೀರ್ಮಾನಿಸ್ತಿದ್ದ ಕಾಲವೂ ಇತ್ತು. ಬೋರ್ಡಿನ ಮೇಲೆ ಜಾತಿ ಬಂದು ಕೂತದ್ದು ಸುಮ್ಮನೆ ಅಲ್ಲ. ಕಾರ್ಡಿಗೆ ಅದೆಲ್ಲ ಬೇಕಿಲ್ಲ, ಜೇಬಲ್ಲಿ ದುಡ್ಡಿದ್ರೆ ಸಾಕು. ಆ ಮಟ್ಟಿಗೆ 'ಆ ಲಾ ಕಾರ್ಟ್'ಗೆ ಒಂದು ನಮಸ್ಕಾರ. ನನಗೆ ಬೇಕಾದ್ದು ಬಾಗಿಲಲ್ಲಿ ಕಾರ್ಡಿನ ನಿಯಮ, ಒಳಗೆ ಅಕ್ಕಾರ ನಿಯಮ.

ಇಂಗ್ಲಿಷಿನವರು ಈಗ ತಾಬ್ಲ್ ದೋತ್ ಅಂದ್ರೆ ಬರೀ 'ನಿಗದಿ ರೇಟಿನ ಊಟ' ಅಂದುಕೊಂಡಿದ್ದಾರೆ. ಪದ ಉಳೀತು, ಅದರೊಳಗಿನ ಆತಿಥೇಯ ಎದ್ದುಹೋದ. ನಮ್ಮ ಪದಕ್ಕೂ ಅದೇ ಗತಿ ಬರುತ್ತೇನೋ ಅಂತ ಹೆದರಿಕೆ. ಬೆಂಗಳೂರಲ್ಲೂ ಖಾನಾವಳಿ ಬೋರ್ಡು ಹಾಕ್ತಾರೆ, ಚೆನ್ನಾಗೇ ಮಾಡ್ತಾರೆ. ಆದರೆ ನಾನು ಹೋದ ಒಂದು ಕಡೆ ಎರಡು ರೊಟ್ಟಿ ಆದಮೇಲೆ ಪ್ರತಿ ರೊಟ್ಟಿಗೂ ಬೇರೆ ಬಿಲ್ಲು. ಅಂಥದ್ದಕ್ಕೆ 'ಹೋಟೆಲ್' ಅನ್ನಿ, 'ರೆಸ್ಟೋರೆಂಟ್' ಅನ್ನಿ, ನನ್ನ ತಕರಾರಿಲ್ಲ. ಖಾನಾವಳಿ ಅನ್ನಬೇಡಿ.

ಇನ್ನು ಪದಕೋಶ ಮಾಡೋ ಗೆಳೆಯರಿಗೆ ಒಂದು ವಿನಂತಿ. ತಾಬ್ಲ್ ದೋತ್‌ಗೆ 'ನಿಶ್ಚಿತ ಭೋಜನ' ಅಂತೆಲ್ಲ ಹೊಸದಾಗಿ ಟಂಕಿಸಬೇಡಿ. 'ಖಾನಾವಳಿ ಊಟ' ಅಂತ ಬರೀರಿ, ಸಾಕು.

ನಿಮ್ಮೂರಲ್ಲಿ ಇದಕ್ಕೆ ಏನಂತಾರೆ? ತಿಳಿಸ್ತೀರಲ್ಲ?